ಅರ್ಧ ಓದಿದ ಭಿನ್ನಮತ

ಒಂದು ಹಳೆಯ ಟಿಪ್ಪಣಿಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಬೆಲೆ ಬಂದಿದೆ. ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡನ್ನು ನೋಡಲು 1955ರಲ್ಲಿ ಕೇಂದ್ರ ಸರಕಾರ ಕೂಡಿಸಿದ್ದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಉಳಿದವರೆಲ್ಲ ಒಪ್ಪಿ ರುಜು ಮಾಡಿದಾಗ, ತಾನು ಒಪ್ಪುವುದಿಲ್ಲವೆಂದು ಒಬ್ಬರೇ ಒಬ್ಬರು ಬರೆದುಕೊಟ್ಟ ಭಿನ್ನಮತದ ಟಿಪ್ಪಣಿ ಅದು. ಬರೆದವರು ಬಿ. ಆರ್. ಶೆಣೈ. 1905ರಲ್ಲಿ ಅವರು ಹುಟ್ಟಿದ್ದು ಕಾಞಂಗಾಡಿನ ಹತ್ತಿರದ ಬೆಳ್ಳಿಕೋತಿನಲ್ಲಿ. ಅಂದಿಗೆ ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಊರು. ಇಂದಿಗೆ ಕಾಸರಗೋಡು ಜಿಲ್ಲೆಯದು. ಆ ಮಂಡಲಿಯಲ್ಲಿ ಒಂಟಿಯಾಗಿ ನಿಂತ ಈ ಮನುಷ್ಯ 1978ರಲ್ಲಿ ತೀರಿಕೊಂಡಾಗ ಅವರ ಮಾತಿಗೆ ದಿಲ್ಲಿಯಲ್ಲಿ ಕಿವಿಗೊಡುವವರು ಬಹಳ ಇರಲಿಲ್ಲ. 1991ರ ಜುಲೈ ತಿಂಗಳಲ್ಲಿ ಲೈಸೆನ್ಸಿನ ಕಟ್ಟುಗಳು ಬಿಚ್ಚಿದ ಮೇಲೆ ಅವರನ್ನು ಮೆಲ್ಲಮೆಲ್ಲನೆ ನೆನೆಯತೊಡಗಿದರು. ಈಗಂತೂ ವ್ಯಾಪಾರ ಸಂಘಗಳ ಭಾಷಣಗಳಲ್ಲಿ, ಸರಕಾರದ ಧೋರಣೆಯನ್ನು ಹೊಗಳುವ ಲೇಖನಗಳಲ್ಲಿ, ಅವರು ದ್ರಷ್ಟಾರರ ಸಾಲಿಗೆ ಸೇರಿಬಿಟ್ಟಿದ್ದಾರೆ.

ಸಾಹಿತ್ಯದ ಪುಟದಲ್ಲಿ ಅರ್ಥಶಾಸ್ತ್ರವೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ನಾನು ಅರ್ಥಶಾಸ್ತ್ರಜ್ಞನಲ್ಲ; ಗದ್ಯದ ಓದುಗ. ಭಿನ್ನಮತದ ಟಿಪ್ಪಣಿಯೂ ಗದ್ಯವೇ. ಒಂದು ಬರೆಹ ಜನರ ಬದುಕಿನ ಮೇಲೆ ಅಧಿಕಾರ ನಡೆಸಲು ಹೊರಟಾಗ ಅದನ್ನು ಕಾದಂಬರಿಯನ್ನು ಓದುವಷ್ಟಾದರೂ ಎಚ್ಚರದಿಂದ ಓದಬೇಕಲ್ಲವೇ? ನನ್ನ ತಕರಾರು ಶೆಣೈಯವರ ಮೇಲೆ ಸ್ವಲ್ಪ, ಅವರನ್ನು ಮರಳಿ ತಂದವರ ಮೇಲೆ ಬಹಳ.

ಮೊದಲು ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡೋಣ. ಆ ಯೋಜನೆ ಸರಕಾರದ ಬಾಬಿನಲ್ಲಿ 4800 ಕೋಟಿ ರೂಪಾಯಿಗಳ ವೆಚ್ಚವನ್ನು ಹಮ್ಮಿಕೊಂಡಿತ್ತು; ಅದರಲ್ಲಿ 1200 ಕೋಟಿಯನ್ನು ಕೊರತೆಯ ಹಣಕಾಸಿನಿಂದ, ಅಂದರೆ ಬಹುಮಟ್ಟಿಗೆ ನೋಟು ಅಚ್ಚುಹಾಕಿ, ತುಂಬಿಕೊಳ್ಳುವ ಲೆಕ್ಕ. ಜನರ ನಿಜವಾದ ಉಳಿತಾಯ ಎಷ್ಟಿದೆಯೋ ಯೋಜನೆ ಅಷ್ಟೇ ಇರಬೇಕು, ಮಿಕ್ಕದ್ದು ಬೆಲೆಯೇರಿಕೆಯಾಗಿ ಬಡವನ ಗಂಜಿಯ ಮೇಲೆ ಬೀಳುತ್ತದೆ ಎಂಬುದು ಶೆಣೈಯವರ ವಾದದ ತಿರುಳು. ಉದ್ದಿಮೆಗಳ ರಾಷ್ಟ್ರೀಕರಣ, ಬೆಲೆಗಳ ಮೇಲಿನ ಹತೋಟಿ ಇವುಗಳನ್ನೂ ಅವರು ಒಪ್ಪಲಿಲ್ಲ. ಮುಂದೆ ಎರಡೇ ವರ್ಷಗಳಲ್ಲಿ, 1957ರಲ್ಲಿ, ವಿದೇಶೀ ವಿನಿಮಯ ಬರಿದಾಗಿ ಸರಕಾರ ಕಂಗೆಟ್ಟಿತು. 1966ರ ಜೂನ್ ತಿಂಗಳಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಬೇಕಾಯಿತು. ಇಡೀ ಸಭೆ ಹೌದೆನ್ನುವಾಗ ಅಲ್ಲವೆಂದು ಬರೆಯುವುದಕ್ಕೆ ವಿದ್ಯೆಯೊಂದೇ ಸಾಲದು. ಶೆಣೈಯವರು ಕೊನೆಯವರೆಗೆ ಅದೇ ಮಾತನ್ನು ಆಡಿದರು, ಹುದ್ದೆಗಾಗಿ ಒಂದಕ್ಷರ ತಿದ್ದಲಿಲ್ಲ. 1959ರಲ್ಲಿ ರಾಜಾಜಿಯವರು ಸ್ವತಂತ್ರ ಪಕ್ಷವನ್ನು ಕಟ್ಟಿ ಪರ್ಮಿಟ್-ಲೈಸೆನ್ಸ್ ರಾಜ್ಯವೆಂದು ಜರೆದಾಗ ಆ ವಾದಕ್ಕೆ ಒಂದು ರಾಜಕೀಯ ಧ್ವನಿಯೂ ದೊರೆಯಿತು. 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದ ಆ ಪಕ್ಷ 1974ರ ಹೊತ್ತಿಗೆ ಬೇರೊಂದರಲ್ಲಿ ಕರಗಿಹೋಯಿತು. ವಿಚಾರ ಮಾತ್ರ ಕರಗಲಿಲ್ಲ.

ಆದರೆ ಆ ಬರೆಹದಲ್ಲಿ ಒಂದು ಪಾತ್ರವೂ ಇಲ್ಲ. ಉಳಿತಾಯ ಇದೆ, ಸಂಪನ್ಮೂಲ ಇದೆ, ಬೆಲೆ ಏರುತ್ತದೆ, ಇಳಿಯುತ್ತದೆ. ಏರಿಸುವವರು, ಇಳಿಸುವವರು ಕಾಣುವುದಿಲ್ಲ. ಟಿಪ್ಪಣಿಯಲ್ಲಿ ಪಾತ್ರಗಳಿರಬೇಕೆಂದು ಕೇಳುವುದು ಹಟಮಾರಿತನ ಎನ್ನಬೇಡಿ. ಸರಕಾರದ ಕೈಯನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು ಪೇಟೆಯೊಳಗಿನ ಕೈಗಳನ್ನು ಏಕೆ ಕಾಣಲಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ. ಸರಕಾರ ಹಿಂದೆ ಸರಿದರೆ ಆ ಜಾಗದಲ್ಲಿ ಪೇಟೆ ತಾನಾಗಿ, ಮಳೆಗಾಲದ ಹುಲ್ಲಿನಂತೆ, ಚಿಗುರಿ ನಿಲ್ಲುತ್ತದೆಂಬ ನಂಬಿಕೆ ಅಲ್ಲಿ ಹೇಳದೆಯೇ ಕೂತಿದೆ. ಇಂಥ ನಂಬಿಕೆಯನ್ನು ಪರೀಕ್ಷಿಸುವುದಕ್ಕೆ ಅದನ್ನು ಒಂದು ನೆಲಕ್ಕೆ ತಂದು ಓದುವುದಲ್ಲದೆ ಬೇರೆ ದಾರಿಯಿಲ್ಲ. ನಾನು ತೊರಗಲ್ ಸೀಮೆಯನ್ನು ಆರಿಸಿಕೊಳ್ಳುತ್ತೇನೆ.

ತೊರಗಲ್ ಈಗ ರಾಮದುರ್ಗ ತಾಲೂಕಿನ ಒಂದು ಹಳ್ಳಿ, ಭೂತನಾಥನ ಗುಡಿಯೂ ಹಾಳುಬಿದ್ದ ಕೋಟೆಯೂ ಇರುವ ಊರು. ಶಾಸನಗಳ ಕಾಲಕ್ಕೆ ಅದು ತೊರಗಲೆ ಆರುಸಾವಿರವೆಂಬ ನಾಡಿಗೆ ಹೆಸರು ಕೊಟ್ಟಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದರೆ ಮಲಪ್ರಭೆಯ ಆಚೀಚಿನ ಸೀಮೆ. ಪಡುವಣ ಅಂಚಿನ ಕಿತ್ತೂರನ್ನು ಬಿಟ್ಟರೆ ಬಹುಮಟ್ಟಿಗೆ ಎರೆಯ ನೆಲ, ಹತ್ತಿಯ ನೆಲ. ಇಲ್ಲಿಯ ವ್ಯಾಪಾರ ಎಂದೂ ಕಟ್ಟಳೆಯಿಲ್ಲದೆ ನಡೆದದ್ದಲ್ಲ. ಸವದತ್ತಿಯ ರಟ್ಟರು ಆಳುತ್ತಿದ್ದ ಕಾಲದಲ್ಲೂ ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳಿಗೆ ತಮ್ಮದೇ ಧರ್ಮ, ತಮ್ಮದೇ ಸುಂಕ ಇದ್ದುವು. 1824ರಲ್ಲಿ ಕಿತ್ತೂರನ್ನು ನುಂಗಿದ್ದೂ ಒಂದು ವ್ಯಾಪಾರದ ಕಂಪನಿಯೇ ಎಂಬುದನ್ನು ನಾವು ಲಾವಣಿಯ ಭರದಲ್ಲಿ ಮರೆತಿರುತ್ತೇವೆ. ಇಂಡಿಯಾದ ವ್ಯಾಪಾರದಲ್ಲಿ ಆ ಕಂಪನಿಗಿದ್ದ ಏಕಸ್ವಾಮ್ಯವನ್ನು 1813ರಲ್ಲಿಯೇ ಇಂಗ್ಲೆಂಡಿನ ಪಾರ್ಲಿಮೆಂಟು ಕಿತ್ತುಕೊಂಡಿತ್ತು. ತಕ್ಕಡಿ ಕೈತಪ್ಪಿದ ಮೇಲೆ ಅದು ಬೊಕ್ಕಸದ ಬೀಗಮುದ್ರೆಗೆ ಕೈಹಾಕಿತು.

ಹತ್ತಿಯ ಕತೆ ಇನ್ನೂ ಸ್ವಾರಸ್ಯದ್ದು. ಧಾರವಾಡದ ಸುತ್ತ ಅಮೆರಿಕದ ಹತ್ತಿಯ ಬೀಜವನ್ನು 1840ರ ದಶಕದಲ್ಲಿ ಬಿತ್ತಿಸಿ ನೋಡಿದವರು ಕಂಪನಿ ಸರಕಾರದವರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹತ್ತಿ, ಅಲ್ಲಿಯ ಅರಳೆ ಲ್ಯಾಂಕಶೈರಿನ ಗಿರಣಿಗಳಿಗೆ ಬಾರದಾದಾಗ ಇಲ್ಲಿಯ ಎರೆಭೂಮಿಯ ಮೇಲೆ ಮ್ಯಾಂಚೆಸ್ಟರಿನ ಕಣ್ಣು ಬಿತ್ತು. ಈ ಮ್ಯಾಂಚೆಸ್ಟರು ಯಾವುದು? ವ್ಯಾಪಾರಕ್ಕೆ ಸರಕಾರ ಅಡ್ಡಬರಬಾರದೆಂಬ ಮಂತ್ರವನ್ನು ಲೋಕಕ್ಕೆಲ್ಲ ಬೋಧಿಸಿದ ಊರು! ಅಂಥ ಊರಿನ ವರ್ತಕರು ಹತ್ತಿ ಬೇಕಾದಾಗ ಕೇಳಿದ್ದೇನು? ಧಾರವಾಡದ ಸೀಮೆಯಿಂದ ಕಾರವಾರಕ್ಕೆ ಸರಕಾರ ರಸ್ತೆ ಮಾಡಿಸಲಿ, ಬಂದರು ಕಟ್ಟಿಸಲಿ ಎಂದು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿಯ ಎಳೆ ಇದೆ. ಅರಳೆಯಲ್ಲಿ ಮಣ್ಣು, ಬೀಜ, ನೀರು ಬೆರೆಸಿ ತೂಕ ಹೆಚ್ಚಿಸುತ್ತಾರೆಂಬ ದೂರಿನ ಮೇಲೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಕಾಯದೆಯನ್ನೇ ತಂದು ತನಿಖೆದಾರರನ್ನು ನೇಮಿಸಿತು. ಕೊಳ್ಳುವವನಿಗೆ ಮೋಸವಾದೊಡನೆ ಕಾಯದೆ ಬಂತು. ಮಾರುವ ಒಕ್ಕಲಿಗನಿಗೆ ಆಗುತ್ತಿದ್ದ ಮೋಸಕ್ಕೆ ಕಾಯದೆ ಬರುವುದಕ್ಕೆ ಇನ್ನೂ ಅರವತ್ತು ವರ್ಷ ಹಿಡಿಯಿತು.

ಆ ಮೋಸದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಶೆಣೈಯವರ ಟಿಪ್ಪಣಿಯಲ್ಲಿ ಇಲ್ಲದ ಪಾತ್ರಗಳೆಲ್ಲ ಇಲ್ಲಿ ಬರುತ್ತವೆ. ರೈತ ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ಪೇಟೆಗೆ ಬರುತ್ತಾನೆ. ಅಡತಿ ಅಂಗಡಿಯ ಸಾಹುಕಾರನಲ್ಲಿ ಬಿತ್ತನೆಯ ಕಾಲಕ್ಕೆ ತಂದ ಸಾಲ ಇರುತ್ತದೆ. ಆದ್ದರಿಂದ ಮಾಲು ಬೇರೆ ಅಂಗಡಿಗೆ ಹೋಗುವಂತಿಲ್ಲ. ದಲಾಲನೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ದರ ಗೊತ್ತುಮಾಡುತ್ತಾರೆ. ಎದುರಿಗೇ ನಿಂತ ರೈತನಿಗೆ ತನ್ನ ಮಾಲಿನ ದರ ಕಾಣಿಸುವುದಿಲ್ಲ. ಆಮೇಲೆ ತೂಕದವನ ಕೂಲಿ, ಹಮಾಲಿ, ಮಾದರಿಗೆಂದು ಕಿತ್ತುಕೊಂಡ ಅರಳೆ, ತೂಕದಲ್ಲಿ ಬಿಡುವ ಸೂಟು, ಕಡೆಗೆ ದೇವರ ಹೆಸರಿನಲ್ಲಿ ಧರ್ಮಾದಾಯ. ಎಲ್ಲವೂ ಅವನ ಪಟ್ಟಿಯಿಂದಲೇ ಕಡಿತ. ಹಣ ಇಂದೇ ಕೈಗೆ ಬರುವುದೂ ನಿಶ್ಚಯವಿಲ್ಲ. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಎಂಬ ಗಾದೆ ಪೇಟೆಯ ಬಾಗಿಲಲ್ಲೇ ಹುಟ್ಟಿರಬೇಕು. ಇಷ್ಟೂ ನಡೆಯುತ್ತಿದ್ದದ್ದು ಸರಕಾರದ ಹತೋಟಿ ಇಲ್ಲದ, ಇಂದಿನ ಮಾತಿನಲ್ಲಿ ಹೇಳುವುದಾದರೆ ಪೂರ್ಣ ಮುಕ್ತವಾದ, ಪೇಟೆಯಲ್ಲಿ.

ಇದನ್ನು ಕಂಡೇ ಮುಂಬಯಿ ಪ್ರಾಂತದಲ್ಲಿ 1927ರ ಹತ್ತಿ ಮಾರುಕಟ್ಟೆಗಳ ಕಾಯದೆ ಬಂತು. ಮರುವರ್ಷ ವರದಿ ಕೊಟ್ಟ ವ್ಯವಸಾಯದ ರಾಯಲ್ ಕಮಿಷನ್ನು ಇಂಥ ಹತೋಟಿಯ ಪೇಟೆಗಳು ಎಲ್ಲ ಕಡೆ ಬೇಕೆಂದು ಶಿಫಾರಸು ಮಾಡಿತು. 1939ರಲ್ಲಿ ಎಲ್ಲ ಬೆಳೆಗಳಿಗೂ ಅನ್ವಯಿಸುವ ಕಾಯದೆ, ಏಕೀಕರಣದ ತರುವಾಯ ಮೈಸೂರು ರಾಜ್ಯದ 1966ರ ಕಾಯದೆ. ಇವುಗಳಲ್ಲಿ ಸಮಾಜವಾದದ ಘೋಷಣೆಯೇನೂ ಇಲ್ಲ. ಬೆರಳುಗಳ ಮೇಲಿನ ವಸ್ತ್ರವನ್ನು ತೆಗೆದರು, ಅಷ್ಟೇ: ದರವನ್ನು ಬಹಿರಂಗವಾಗಿ ಕೂಗಬೇಕು ಅಥವಾ ಬರೆಯಬೇಕು, ಪರವಾನಗಿಯವನೇ ತೂಗಬೇಕು, ಹಣ ಹೊತ್ತಿಗೆ ಸಂದಾಯವಾಗಬೇಕು, ಸಮಿತಿಯಲ್ಲಿ ಬೆಳೆಗಾರರ ಪ್ರತಿನಿಧಿಗಳಿರಬೇಕು. ಬೆಲೆಯೆಂಬುದು ಮುಚ್ಚುಮರೆಯಿಲ್ಲದೆ ಎಲ್ಲರಿಗೂ ತಿಳಿಯಬೇಕೆಂಬುದು ಮುಕ್ತ ವ್ಯಾಪಾರದ ಶಾಸ್ತ್ರಕಾರರೂ ಬಯಸುವ ಸ್ಥಿತಿಯೇ. ಹತ್ತಿಯ ಪೇಟೆಯೆಂದು ಹೆಸರಾದ ಬೈಲಹೊಂಗಲದ ಕಡೆಯ ಅನುಭವದಲ್ಲಿ ಆ ಸ್ಥಿತಿ ಕಾಯದೆಯಿಂದ ಬಂತು. ಕಾಯದೆ ಇಲ್ಲದ್ದರಿಂದ ಬರಲಿಲ್ಲ. ಶೆಣೈಯವರ ಟಿಪ್ಪಣಿ ಈ ನೆಲದಲ್ಲಿ ಮುಗ್ಗರಿಸುವುದು ಇಲ್ಲಿ.

ಹಾಗೆಂದ ಮಾತ್ರಕ್ಕೆ ಸರಕಾರದ ಕೈಯನ್ನು ದೇವರ ಕೈಯೆಂದು ಪೂಜಿಸುವ ಸಡಗರವೂ ಬೇಡ. ಇದೇ ನೆಲ ಅದಕ್ಕೂ ಸಾಕ್ಷಿ ಹೇಳುತ್ತದೆ. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಕಾಲುವೆಯ ನೀರು ಬಂದಲ್ಲಿ, ಬಾರದಲ್ಲಿ, ಬಂದು ಜವುಳು ಹಿಡಿಸಿದಲ್ಲಿ ಕೂಡ ನೀರಿನ ಕರ ಬಂತು. ಭೂಮಿಯ ಬೆಲೆ ಏರಿತೆಂದು ಅಭಿವೃದ್ಧಿ ಕರ ಬೇರೆ ಬಂತು. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ಹೊರತಂದ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ನಂಬಿ ಬಿತ್ತಿದ್ದ ರೈತ, ದರ ಕುಸಿದ ಹೊತ್ತಿನಲ್ಲಿಯೇ ಬಾಕಿ ಕಟ್ಟೆಂದು ತಹಸೀಲದಾರನ ಕಚೇರಿ ಕೇಳಿತು. 1980ರ ಜುಲೈ 21ರಂದು ನವಲಗುಂದ-ನರಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಸತ್ತರು; ರೊಚ್ಚಿಗೆದ್ದ ಜನರ ಕೈಯಲ್ಲಿ ಪೋಲೀಸರೂ ಸತ್ತರು. ತಾನು ಬೇಡದ ಯೋಜನೆಗೆ, ತಾನು ಹೇಳದ ಲೆಕ್ಕಕ್ಕೆ ತನ್ನಿಂದ ಹಣ ಕೀಳಬಾರದೆಂದು ಹೇಳಿದ ಆ ರೈತ, ಶೆಣೈಯವರ ಹೆಸರನ್ನು ಕೇಳದೆಯೇ, ಅವರ ವಾದದ ಒಂದು ಪುಟವನ್ನು ಬೀದಿಯಲ್ಲಿ ಓದಿದ್ದ.

ಒಂಬತ್ತು ತಿಂಗಳು ತುಂಬುವುದರೊಳಗೆ, 1981ರ ಏಪ್ರಿಲ್ 6ರಂದು, ಇದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಇನ್ನೊಂದು ಗೋಲಿಬಾರು. ಅಲ್ಲಿಯ ತಂಬಾಕು ಬೆಳೆಗಾರರ ಸಿಟ್ಟು ಸರಕಾರದ ಕರದ ಮೇಲಲ್ಲ, ವ್ಯಾಪಾರಿಗಳ ದರದ ಮೇಲೆ. ಹೆದ್ದಾರಿಯಲ್ಲಿ ಕೂತ ಅವರ ಮುಂದಾಳು ಮಹಾರಾಷ್ಟ್ರದ ಶರದ ಜೋಶಿ. ಒಂದೇ ಸೀಮೆಯ ಎರಡು ಮೂಲೆಗಳಲ್ಲಿ ರೈತ ಎರಡು ಕೈಗಳನ್ನು ಹಿಡಿದು ಕೇಳಿದ: ಒಂದು ಕಡೆ ಸರಕಾರದ್ದು, ಒಂದು ಕಡೆ ಸಾಹುಕಾರನದ್ದು. ವ್ಯಾಪಾರಿಗಳ ವಿರುದ್ಧ ರಸ್ತೆಗಿಳಿದ ಜೋಶಿಯವರೇ ಮುಂದೆ ಮುಕ್ತ ವ್ಯಾಪಾರದ ಪ್ರಬಲ ವಕೀಲರಾದರು. ರೈತನಿಗೆ ಸರಕಾರ ಕೊಡುವುದಕ್ಕಿಂತ ಕಸಿಯುವುದೇ ಹೆಚ್ಚೆಂದು ಲೆಕ್ಕ ತೋರಿಸಿ, 1994ರಲ್ಲಿ ರಾಜಾಜಿಯವರ ಪಕ್ಷದ ಹೆಸರನ್ನು ನೆನಪಿಸುವ ಸ್ವತಂತ್ರ ಭಾರತ ಪಕ್ಷವನ್ನು ಕಟ್ಟಿದರು. ಮಲಪ್ರಭೆಯ ಕಿಚ್ಚಿನ ಬಿಸಿಯಲ್ಲಿ ಬೆಳೆದ ಕರ್ನಾಟಕ ರಾಜ್ಯ ರೈತ ಸಂಘವಾದರೋ ಎಂ. ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ತದ್ವಿರುದ್ಧ ದಿಕ್ಕಿಗೆ ಹೊರಳಿ, 1993ರಲ್ಲಿ ಬಳ್ಳಾರಿಯಲ್ಲಿ ಕಾರ್ಗಿಲ್ ಕಂಪನಿಯ ಬೀಜದ ಘಟಕಕ್ಕೆ ಕೈಯಿಕ್ಕಿತು. ಕರದ ವಿರುದ್ಧ ಎದ್ದವರು ಮುಕ್ತ ಪೇಟೆಯನ್ನು ವಿರೋಧಿಸಿದರು. ಸಾಹುಕಾರರ ವಿರುದ್ಧ ಎದ್ದವರು ಅದನ್ನು ಕೊಂಡಾಡಿದರು. ಎಡ-ಬಲಗಳೆಂಬ ಸಿದ್ಧ ಚೌಕಟ್ಟಿನಲ್ಲಿ ಇದನ್ನು ಕೂರಿಸಹೊರಟವರನ್ನು ಕಂಡರೆ ನನಗೆ ನಗೆ ಬರುತ್ತದೆ.

ಇನ್ನು ಶೆಣೈಯವರನ್ನು ಮರಳಿ ತಂದವರ ವಿಷಯ. ಅವರ ವಾದಕ್ಕೆ ಎರಡು ಭಾಗಗಳಿದ್ದುವು. ಸರಕಾರ ವ್ಯಾಪಾರವನ್ನು ಕಟ್ಟಿಹಾಕಬಾರದು ಎಂಬುದು ಒಂದು. ಸರಕಾರ ಯಾವ ವ್ಯಾಪಾರಿಯನ್ನೂ ಸಾಕಬಾರದು ಎಂಬುದು ಇನ್ನೊಂದು. ಆಮದು ಲೈಸೆನ್ಸು ಪಡೆದವನಿಗೆ ಕೂತಲ್ಲೇ ಸಿಗುವ ಲಾಭವನ್ನು, ಬೆಲೆಯೇರಿಕೆಯಿಂದ ಬಡವರ ಕೈಯಿಂದ ಸಿರಿವಂತರ ಕೈಗೆ ಹರಿದುಹೋಗುವ ಹಣವನ್ನು ಅವರಷ್ಟು ಖಂಡಿಸಿದವರು ಕಡಿಮೆ. ಅವರಿಗೆ ಎದುರಾಗಿದ್ದವರು ಸಮಾಜವಾದಿಗಳು ಮಾತ್ರವೇ ಅಲ್ಲ. 1944ರಲ್ಲಿಯೇ ಟಾಟಾ, ಬಿರ್ಲಾ ಮೊದಲಾದ ಉದ್ಯಮಪತಿಗಳು ಮುಂಬಯಿ ಯೋಜನೆಯೆಂಬ ಪುಸ್ತಕ ಹೊರಡಿಸಿ, ಸರಕಾರದ ಯೋಜನೆ ಬೇಕು, ಹತೋಟಿ ಬೇಕು, ರಕ್ಷಣೆ ಬೇಕು ಎಂದಿದ್ದರು. ಇಂದಿನವರು ಈ ಎರಡನೆಯ ಭಾಗವನ್ನು ಹರಿದಿಟ್ಟು ಮೊದಲನೆಯ ಭಾಗಕ್ಕೆ ಮಾತ್ರ ರಟ್ಟು ಹಾಕಿಸಿದ್ದಾರೆ.

ಸಕ್ಕರೆಯ ನಿದರ್ಶನ ಸಾಕು. ತೊರಗಲ್ ಸೀಮೆಯಲ್ಲಿ ಕಬ್ಬು ಈಗ ಹತ್ತಿಯ ನೆಲವನ್ನು ಬಹಳಷ್ಟು ಆಕ್ರಮಿಸಿದೆ. ಎಂ. ಕೆ. ಹುಬ್ಬಳ್ಳಿಯ ಸಹಕಾರಿ ಕಾರ್ಖಾನೆ ಈ ಕಡೆಯವರಿಗೆಲ್ಲ ಗೊತ್ತು. ರಾಮದುರ್ಗದ ಖಾನಪೇಟೆಯ ಸಹಕಾರಿ ಕಾರ್ಖಾನೆ ಖಾಸಗಿ ಕಂಪನಿಯೊಂದಕ್ಕೆ ಗುತ್ತಿಗೆಗೆ ಹೋಯಿತು. ಕಾರ್ಖಾನೆಗಳು ಪಡಿತರಕ್ಕೆಂದು ಕಡಿಮೆ ದರದಲ್ಲಿ ಲೆವಿ ಸಕ್ಕರೆ ಕೊಡಬೇಕಾಗಿದ್ದ ಕಟ್ಟಳೆಯನ್ನು ರಂಗರಾಜನ್ ಸಮಿತಿಯ ಶಿಫಾರಸಿನಂತೆ 2013ರಲ್ಲಿ ತೆಗೆದುಹಾಕಿದರು. ಎಷ್ಟು ಸಕ್ಕರೆಯನ್ನು ಯಾವಾಗ ಮಾರಬೇಕೆಂಬ ಹತೋಟಿಯೂ ಹೋಯಿತು. ಉದ್ಯಮದವರು ಇದನ್ನು ಸ್ವಾತಂತ್ರ್ಯವೆಂದು ಕೊಂಡಾಡಿದರು, ಕೊಂಡಾಡಲಿ. ಆದರೆ ದರ ಬಿದ್ದೊಡನೆ, 2018ರಲ್ಲಿ, ಕಿಲೋಗೆ 29 ರೂಪಾಯಿಗಿಂತ ಕೆಳಗೆ ಕಾರ್ಖಾನೆ ಸಕ್ಕರೆ ಮಾರಕೂಡದೆಂಬ ಸರಕಾರದ ಆಜ್ಞೆ ಬಂತು. 2019ರಲ್ಲಿ ಅದು 31 ರೂಪಾಯಿ ಆಯಿತು. ಆಗ ಮುಕ್ತ ವ್ಯಾಪಾರದ ಮಂತ್ರವನ್ನು ಯಾವ ಕಾರ್ಖಾನೆಯವರೂ ಜಪಿಸಿದಂತೆ ಕಾಣಲಿಲ್ಲ. ಶೆಣೈಯವರು ಬದುಕಿದ್ದರೆ ಇನ್ನೊಂದು ಭಿನ್ನಮತದ ಟಿಪ್ಪಣಿ ಬರೆದಿರುತ್ತಿದ್ದರು. ಅದಕ್ಕೂ ಅವರೊಬ್ಬರದೇ ರುಜು ಇರುತ್ತಿತ್ತು.

2020ರ ಮೇ ತಿಂಗಳಲ್ಲಿ, ಕೊರೋನಾದ ಗದ್ದಲದ ನಡುವೆ, ಕರ್ನಾಟಕ ಸರಕಾರ ಸುಗ್ರೀವಾಜ್ಞೆಯ ಮೂಲಕ 1966ರ ಕಾಯದೆಯನ್ನು ತಿದ್ದಿತು. ಮಾರುಕಟ್ಟೆ ಸಮಿತಿಯ ಅಧಿಕಾರ ಪ್ರಾಂಗಣದ ಗೋಡೆಯೊಳಗೆ ನಿಂತಿತು. ಹೊರಗಿನ ಖರೀದಿಗೆ ಅದರ ಶುಲ್ಕವೂ ಇಲ್ಲ, ತನಿಖೆಯೂ ಇಲ್ಲ. ಅದೇ ವರ್ಷ ಭೂಸುಧಾರಣೆಯ ಕಾಯದೆಯಿಂದ 79ಎ, 79ಬಿ ಕಲಮುಗಳನ್ನು ಕಿತ್ತು, ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದೆಂದರು. ಕೇಂದ್ರದ ಮೂರು ಕಾಯದೆಗಳು 2020ರ ಸೆಪ್ಟೆಂಬರಿನಲ್ಲಿ ಬಂದು, ದಿಲ್ಲಿಯ ಗಡಿಯಲ್ಲಿ ವರ್ಷವಿಡೀ ಕೂತ ರೈತರ ಮುಂದೆ ನಿಲ್ಲಲಾರದೆ 2021ರ ನವೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ರದ್ದಾದುವು. ರಾಜ್ಯದ ತಿದ್ದುಪಡಿಗೆ ಆ ಗತಿ ಕೂಡಲೇ ಬರಲಿಲ್ಲ. 2023ರಲ್ಲಿ ಹೊಸ ಸರಕಾರ ಹಳೆಯ ವ್ಯವಸ್ಥೆಯನ್ನು ಮರಳಿಸುವ ಮಸೂದೆಯನ್ನು ವಿಧಾನಸಭೆಯಲ್ಲಿ ಒಪ್ಪಿಸಿಕೊಂಡರೆ, ವಿಧಾನ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಕಳಿಸಿತು.

ತಿದ್ದುಪಡಿಯ ಪರವಾಗಿ ಹೇಳಿದ ಮಾತು ಚೆಲುವಾಗಿತ್ತು: ರೈತ ತನಗೆ ಬೇಕಾದಲ್ಲಿ, ಬೇಕಾದವರಿಗೆ ಮಾರಬಹುದು. ಪ್ರಾಂಗಣದೊಳಗೆ ಅಡತಿಯವರು ಒಂದಾಗಿ ದರ ಕಟ್ಟುತ್ತಿದ್ದದ್ದೂ, ಚುನಾವಣೆಯ ಸಮಿತಿಗಳು ಊರ ಗೌಡರ ಅಖಾಡವಾದದ್ದೂ ಸುಳ್ಳಲ್ಲ. ಪ್ರಾಂಗಣವನ್ನು ಸಮರ್ಥಿಸುವವರು ಇದನ್ನು ಬಾಯಿಬಿಟ್ಟು ಹೇಳಬೇಕು. ಆದರೆ ಕಾರ್ಯ ನಡೆಯುವ ರೀತಿಯನ್ನು ನೋಡಿ. ಒಳಗೆ ಶುಲ್ಕ, ಹೊರಗೆ ಶುಲ್ಕವಿಲ್ಲ ಎಂದಾಗ ದೊಡ್ಡ ಖರೀದಿದಾರ ಹೊರಗೆ ಹೋಗುತ್ತಾನೆ. ಸಮಿತಿಗಳ ಆದಾಯ ಕುಗ್ಗಿತು. ತಕ್ಕಡಿ, ಗೋದಾಮು, ನೌಕರರು ಎಲ್ಲಕ್ಕೂ ಆ ಆದಾಯವೇ ಆಧಾರ. ಒಳಗೆ ಮಾಲು ಕಡಿಮೆಯಾದಷ್ಟೂ ಅಲ್ಲಿ ಕೂಗುವ ದರಕ್ಕೆ ಅರ್ಥ ಕಡಿಮೆ. ಆದರೆ ಹೊರಗೆ ಹೊಲದ ಬದುವಿನಲ್ಲಿ ಮಾರುವವನು ಚೌಕಾಸಿ ಮಾಡುವುದೂ ಅದೇ ದರವನ್ನು ಹಿಡಿದು. ರಾಮದುರ್ಗದ ಕಡೆಯ ನಾಲ್ಕು ಕ್ವಿಂಟಲ್ ಹತ್ತಿಯ ರೈತ ಕೊಲ್ಲಾಪುರಕ್ಕೋ ಕೊಯಮತ್ತೂರಿಗೋ ಲಾರಿ ಮಾಡಿಕೊಂಡು ಹೋಗುವುದಿಲ್ಲ. ಅವನ ಪಾಲಿಗೆ ಬೆರಳುಗಳ ಮೇಲೆ ವಸ್ತ್ರ ಮತ್ತೆ ಬೀಳುತ್ತದೆ. ವಸ್ತ್ರದ ಬದಲು ಈಗ ಮೊಬೈಲು ಫೋನಿನಲ್ಲಿ ಇಬ್ಬರು ವ್ಯಾಪಾರಿಗಳು ಆಡಿಕೊಳ್ಳುವ ಮಾತು.

ಕಾಫಿಯ ಉದಾಹರಣೆಯನ್ನು ನನ್ನ ಮುಂದಿಡುವವರಿದ್ದಾರೆ. ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ಮಂಡಲಿಯ ಸಂಗ್ರಹಕ್ಕೇ ಕೊಡಬೇಕಾಗಿದ್ದ ಕಟ್ಟು 1942ರಿಂದ ಇತ್ತು. 1992ರಿಂದ ಸಡಿಲವಾಗಿ 1996ರಲ್ಲಿ ಪೂರ್ತಿ ಬಿಚ್ಚಿತು. ಬೆಳೆಗಾರರೇ ಬೇಡಿ ಪಡೆದ ಬಿಡುಗಡೆ ಅದು, ಮರಳಿ ಕಟ್ಟಿರೆಂದು ಅವರು ಕೇಳಿಲ್ಲ. ಒಪ್ಪಿದೆ. ಆದರೆ ಅಲ್ಲಿ ಬಿಚ್ಚಿದ್ದು ಒಬ್ಬನೇ ಖರೀದಿದಾರನ ಹಿಡಿತವನ್ನು. ಬೈಲಹೊಂಗಲದಲ್ಲಿ ಸಡಿಲಿಸಿದ್ದು ಹಲವು ಖರೀದಿದಾರರನ್ನು ಒಂದೆಡೆ ಕೂಡಿಸಿ ನಿಲ್ಲಿಸುತ್ತಿದ್ದ ಕಟ್ಟೆಯನ್ನು. ಮುಕ್ತ ಎಂಬ ಒಂದೇ ವಿಶೇಷಣ ಎರಡಕ್ಕೂ ಅಂಟಿಕೊಂಡದ್ದರಿಂದ ಎರಡೂ ಒಂದೇ ಎಂದು ತೋರುತ್ತದೆ. ಭಾಷೆ ಹೀಗೆ ಸೋಮಾರಿಯಾದಾಗ ಕಾಯದೆಗಳು ಸುಲಭವಾಗಿ ಪಾಸಾಗುತ್ತವೆ.

ಈ ಸೋಮಾರಿತನದಲ್ಲಿ ನಮ್ಮ ಸಾಹಿತಿಗಳ ಪಾಲೂ ಇದೆಯೆನ್ನದೆ ಗತ್ಯಂತರವಿಲ್ಲ. ರಾವಬಹಾದ್ದೂರರ ‘ಗ್ರಾಮಾಯಣ’ 1957ರಲ್ಲಿ ನಮ್ಮ ಭಾಗದ ಹಳ್ಳಿಯನ್ನು ಅದರ ಗೌಡಿಕೆ, ಹಗೆ, ಹಾದರಗಳ ಸಮೇತ ಎದ್ದು ಕಾಣುವಂತೆ ಬರೆಯಿತು. ಚಿತ್ತಾಲರ ‘ಶಿಕಾರಿ’ 1979ರಲ್ಲಿ ಮುಂಬಯಿಯ ಕಂಪನಿಯ ಒಳಗನ್ನು ಬಗೆದು ತೋರಿಸಿತು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಮಸಾಲೆಯ ವ್ಯಾಪಾರದ ಹಣ ಒಂದು ಸಾಮಾನ್ಯ ಮನೆಯೊಳಗೆ ಬಂದು ಕೂತು ಎಲ್ಲರ ಗುಣವನ್ನೂ ತಿರುಚುವುದನ್ನು ಓದಿದವರು ಮರೆಯಲಾರರು, 1991ರ ಈಚಿನ ಕಾಲವನ್ನು ಅಷ್ಟು ಸಣ್ಣ ಪುಸ್ತಕದಲ್ಲಿ ಅಷ್ಟು ಆಳವಾಗಿ ಹಿಡಿದದ್ದು ನನ್ನ ಓದಿನಲ್ಲಿ ಇನ್ನೊಂದಿಲ್ಲ. ಅಲ್ಲಿಯೂ ಹಣ ಮನೆಗೆ ಬರುವುದು ಕಾಣುತ್ತದೆ. ಅದು ಹೊರಟ ಪೇಟೆ ಚಿಕ್ಕಪ್ಪನ ಹೋಗಿಬರುವಿಕೆಯ ಆಚೆ ಮರೆಯಲ್ಲಿ ಉಳಿಯುತ್ತದೆ. ಕಾದಂಬರಿಯ ಉದ್ದೇಶಕ್ಕೆ ಅದೇ ಸರಿ. ಆದರೆ ಅಡತಿ ಅಂಗಡಿಯ ಗಾದಿಯ ಮೇಲೆ ಕೂತವನ ಲೆಕ್ಕಾಚಾರ, ಅವನ ಭಯ, ಬೆಳೆ ಕೈಕೊಟ್ಟ ವರ್ಷ ಸಾಲ ಮರುಳಿಸಲಾರದವನನ್ನು ಅವನು ಸಾಕಿದ ಬಗೆ, ಸಾಕಿದ್ದಕ್ಕೆ ಹಿಡಿದುಕೊಂಡ ಬಡ್ಡಿ ಇವುಗಳನ್ನು ಕಂಡವರು ಬರೆದಷ್ಟು ಸೂಕ್ಷ್ಮವಾಗಿ ಬರೆದದ್ದನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ನಮ್ಮ ಕತೆಗಳ ಸಾಹುಕಾರ ಬಹುಪಾಲು ನಾಟಕದ ಖಳನಾಯಕ; ಭಾಷಣಗಳಲ್ಲಿ ಬರುವ ಉದ್ಯಮಿ ಅದೇ ನಾಟಕದ ನಾಯಕ. ಇಬ್ಬರಿಗೂ ತೂಗುವುದು ಬರುವುದಿಲ್ಲ.

ಶೆಣೈಯವರ ಟಿಪ್ಪಣಿಯನ್ನು ಕನ್ನಡಿಸುವ ಉತ್ಸಾಹ ಯಾವ ಪ್ರಕಾಶಕರಿಗಾದರೂ ಹುಟ್ಟಿದರೆ ಸಂತೋಷ. ಬರೆದವರು ನಮ್ಮ ಕರಾವಳಿಯವರು, ಬರೆಹ ದಿಟ್ಟವಾದದ್ದು. ಅದೇ ಸಂಪುಟದ ಕೊನೆಗೆ 1939ರ ಮುಂಬಯಿ ಕಾಯದೆಯನ್ನೂ, ಅದರ ಹಿಂದಿನ ರಾಯಲ್ ಕಮಿಷನ್ನಿನ ಮಾರುಕಟ್ಟೆಯ ಅಧ್ಯಾಯವನ್ನೂ ಕನ್ನಡದಲ್ಲಿ ಅಚ್ಚುಮಾಡಿಸುವುದು ಲೇಸು. ಪುಟಗಳು ಹೆಚ್ಚಾಗಿ ಪುಸ್ತಕದ ಬೆಲೆ ನೂರು ರೂಪಾಯಿ ಏರಿದರೂ ಚಿಂತೆಯಿಲ್ಲ.